ಎಲ್ಲಾ ಡ್ರೈವ್‌ನಾಗ ಐತಲ್ರೀ ಸರ!

ಗಂಗಾವತಿ, ಕಾರಟಗಿ, ಸಿಂಧನೂರು, ಯಾವ ರೈಸ್ ಮಿಲ್ಲಿಗೆ ಹೋದರೂ ಇದೇ ಮಾತು: "ಬ್ಯಾಕಪ್ ಯಾಕ್ರೀ ಸರ, ಎಲ್ಲಾ ಡ್ರೈವ್‌ನಾಗ ಐತಲ್ಲ?"

ಐತಿ, ಯಾರು ಇಲ್ಲ ಅಂದರು? ಆದರೆ ಗೂಗಲ್ ಡ್ರೈವ್, ಒನ್‌ಡ್ರೈವ್ ಮಾಡುವುದು ಸಿಂಕ್, ಅಂದರೆ ಇಲ್ಲಿದ್ದದ್ದರ ಪಡಿಯಚ್ಚು. ಆಫೀಸಿನ ಸರ್ವರಿನಲ್ಲಿ ನೀವು ಅಳಿಸಿದರೆ ಅಲ್ಲೂ ಅಳಿಯುತ್ತದೆ. ರಾನ್ಸಮ್‌ವೇರ್ ಎಂಬ ಸುಲಿಗೆ ವೈರಸ್ ನುಗ್ಗಿ ಫೈಲುಗಳಿಗೆ ಬೀಗ ಜಡಿದರೆ, ಬೀಗ ಬಿದ್ದ ಫೈಲನ್ನೇ ಶ್ರದ್ಧೆಯಿಂದ ಮೇಲೇರಿಸುತ್ತದೆ. ಕನ್ನಡಿಯೊಳಗಿನ ಗಂಟು ಅಂತಾರಲ್ಲ, ಅದೇ. ಹೊರಗೆ ಗಂಟು ಇರೋತನಕ ಒಳಗೂ ಕಾಣುತ್ತದೆ.

ಒಬ್ಬ ಸಾಹುಕಾರ್ರ ಮಿಲ್ಲಿನಲ್ಲಿ ನಡೆದದ್ದು. ಲೆಕ್ಕ ಬರೆಯುವ ಟ್ಯಾಲಿ ಸಾಫ್ಟ್‌ವೇರಿನ ಡೇಟಾ ಫೋಲ್ಡರಿಗೆ ಕಂಪನಿ ಹೆಸರಿರುವುದಿಲ್ಲ, 10003 ಅಂತ ಬರೀ ಅಂಕಿ. ಜೂನ್‌ನಲ್ಲಿ ಡಿಸ್ಕ್ ತುಂಬಿತೆಂದು ಹೊಸ ಹುಡುಗ ಅಂಥದ್ದೊಂದನ್ನು ಕಸ ಅಂತ ತೆಗೆದುಬಿಟ್ಟ. ಅಕ್ಟೋಬರಿನಲ್ಲಿ ಸಿಎ ಹಳೇ ಲೆಡ್ಜರ್ ಕೇಳಿದಾಗ ಎದೆ ಧಸಕ್ಕೆಂದಿತು. ಕಚೇರಿ ಖಾತೆಯ ಒನ್‌ಡ್ರೈವ್ ಅಳಿಸಿದ್ದನ್ನು ಸಾಮಾನ್ಯವಾಗಿ 93 ದಿನ ಇಟ್ಟುಕೊಳ್ಳುತ್ತದೆ, ಗೂಗಲ್ ಡ್ರೈವ್ ಆದರೆ 30 ದಿನ. ಎರಡೂ ಗಡುವು ಆಗಲೇ ದಾಟಿತ್ತು. ಕೊನೆಗೆ ಕಾಪಾಡಿದ್ದು ಹಳೇ ಗುಮಾಸ್ತರ ಡ್ರಾಯರಿನಲ್ಲಿ ಊದಿನಕಡ್ಡಿ ಪೊಟ್ಟಣದ ಕೆಳಗಿದ್ದ ಪೆನ್‌ಡ್ರೈವ್! ಪೆನ್‌ಡ್ರೈವ್ ನಂಬಬೇಡಿ ಎಂದು ಅವರಿಗೆ ಎಷ್ಟು ಸಲ ಬೈದಿದ್ದೆನೋ.

ಡೇಟಾ ಅರ್ಧ ಮಿಲ್ಲಿನಲ್ಲಿ, ಅರ್ಧ ಕ್ಲೌಡಿನಲ್ಲಿ ಇರುವವರಿಗೆ ಎರಡೂ ಕಡೆಯದನ್ನು ಹಿಡಿಯುವ ಬ್ಯಾಕಪ್ ಬೇಕು; ಮೇಲ್ ಕೂಡ ಅದರಲ್ಲಿ ಬರಬೇಕು. ಅದರ ಲಾಗಿನ್ ಬೇರೆಯೇ ಇರಲಿ, ಕಳ್ಳನ ಕೈಗೆ ಒಂದೇ ಕೀಲಿಯಲ್ಲಿ ಎಲ್ಲ ಸಿಗಬಾರದು. ಇಂತಿಷ್ಟು ದಿನ ಯಾರೂ ಅಳಿಸಲಾಗದ ಹಾಗೆ ಲಾಕ್ ಮಾಡುವ ಸೌಲಭ್ಯ ಇದ್ದರೆ ಅದನ್ನೇ ಆರಿಸಿ. ಪ್ರೈವೇಟ್ ಲಿಮಿಟೆಡ್ ಆಗಿದ್ದರೆ ಲೆಕ್ಕಪತ್ರದ ಬ್ಯಾಕಪ್ ಭಾರತದೊಳಗಿನ ಸರ್ವರಿನಲ್ಲಿ ದಿನವೂ ಆಗಬೇಕೆಂಬ ನಿಯಮವಿದೆ, 2022ರಿಂದ. ನಿಮಗೆ ಹೇಗೆ ಅನ್ವಯಿಸುತ್ತದೆ ಎಂದು ನಿಮ್ಮ ಸಿಎ ಹೇಳಲಿ, ಅದು ನನ್ನ ಕೆಲಸವಲ್ಲ.

ಒಂದು ಟಿಬಿ (ಸಾವಿರ ಜಿಬಿ) ಜಾಗಕ್ಕೆ ಎಷ್ಟು ರೊಕ್ಕ ಅಂತ ಎಲ್ಲರೂ ಕೇಳುತ್ತಾರೆ. ವಾಪಸ್ ಬರಲು ಎಷ್ಟು ತಾಸು ಅಂತ ಕೇಳುವವರಿಲ್ಲ. 100 ಎಂಬಿಪಿಎಸ್ ಲೈನು ಪೂರ್ತಿ ಸಿಕ್ಕರೂ 1 ಟಿಬಿ ಇಳಿಯಲು 22 ತಾಸು ಬೇಕು. ನಮ್ಮ ಕಡೆ ಕರೆಂಟು, ಕೇಬಲ್ಲಿನ ಕಥೆ ನಿಮಗೇ ಗೊತ್ತು. ಕೆಲವು ಕ್ಲೌಡ್ ಕಂಪನಿಯವರು ಇಡುವುದಕ್ಕೆ ಕಡಿಮೆ ಕೇಳಿ ಇಳಿಸುವಾಗ ಬಿಲ್ ಹಾಕುತ್ತಾರೆ, ಅದನ್ನೂ ಮೊದಲೇ ಕೇಳಿಕೊಳ್ಳಿ. ಹಾಗಾಗಿ ಮಿಲ್ಲಿನಲ್ಲೇ ಒಂದು ಪ್ರತಿ, ದೂರದಲ್ಲಿ ಒಂದು.

ಅಮಾವಾಸ್ಯೆ ಪೂಜೆಗೆ ಹೇಗೂ ಮಷೀನು ನಿಲ್ಲಿಸುತ್ತೀರಿ. ಅವತ್ತು ಒಂದು ಫೋಲ್ಡರ್ ವಾಪಸ್ ತಂದು, ಬೇರೆ ಕಂಪ್ಯೂಟರಿನ ಟ್ಯಾಲಿಯಲ್ಲಿ ತೆರೆದು, ಕೊನೆಯ ಬಿಲ್ ನಂಬರ್ ತಾಳೆ ಆಗುತ್ತದೋ ನೋಡಿ. ಆಗಲಿಲ್ಲ ಅಂದರೆ ಅವತ್ತೇ ನನಗೆ ಫೋನ್ ಮಾಡಿ.