ಬೀಟ್‌ರೂಟ್ ಜ್ಯೂಸ್ ಕುಡಿದರೆ ರಕ್ತ ಹೆಚ್ಚುತ್ತಾ?

"ಹಿಮೋಗ್ಲೋಬಿನ್ 9 ಬಂದಿದೆ. ಮಾತ್ರೆ ಬೇಡ, ದಿನಾ ಒಂದು ಲೋಟ ಬೀಟ್‌ರೂಟ್ ಜ್ಯೂಸ್ ಕುಡಿದರೆ ಸಾಕಾ ಮೇಡಂ?"

ಸಾಕಾಗಲ್ಲ. ಹೆಂಗಸರಿಗೆ 12ಕ್ಕಿಂತ ಕಡಿಮೆ ಇದ್ದರೇ ರಕ್ತಹೀನತೆ, ನಿಮ್ಮದು 9. ಡಾಕ್ಟರ್ ಹತ್ತಿರ ಹೋಗಿ, ಮಾತ್ರೆ ತಗೊಳ್ಳಿ. ಈ ಉತ್ತರ ಎಷ್ಟು ಸಲ ಬರೆದರೂ ಪ್ರಶ್ನೆ ಮಾತ್ರ ಮತ್ತೆ ಮತ್ತೆ ಬರುತ್ತಲೇ ಇದೆ, ಅದಕ್ಕೇ ಇವತ್ತು ಲೆಕ್ಕ ಹಾಕಿಯೇ ಹೇಳುತ್ತೇನೆ.

ಹಿಮೋಗ್ಲೋಬಿನ್ ತಯಾರಾಗಲು ಕಬ್ಬಿಣ ಬೇಕು. 100 ಗ್ರಾಂ ಬೀಟ್‌ರೂಟಿನಲ್ಲಿರುವ ಕಬ್ಬಿಣದ ಅಂಶ ಒಂದು ಮಿಲಿಗ್ರಾಂ ಕೂಡ ಇಲ್ಲ, ಸುಮಾರು 0.8. ನಮ್ಮ ದೇಶದ ಹೆಂಗಸರಿಗೆ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2020ರಲ್ಲಿ ಹೇಳಿದ ಪ್ರಮಾಣ ದಿನಕ್ಕೆ 29 ಮಿಲಿಗ್ರಾಂ. ಅಂದರೆ ಬರೀ ಬೀಟ್‌ರೂಟ್ ನಂಬಿಕೊಂಡರೆ ದಿನಾ ಮೂರೂವರೆ ಕೆಜಿ ತಿನ್ನಬೇಕು. ತಿಂತೀರಾ? ಇನ್ನು ಆ ಕೆಂಪು ಬಣ್ಣ ಬೀಟಾನಿನ್ ಅನ್ನೋ ಸಸ್ಯದ ಬಣ್ಣ, ರಕ್ತದ ಕೆಂಪು ಹಿಮೋಗ್ಲೋಬಿನ್‌ನದ್ದು, ಎರಡಕ್ಕೂ ಸಂಬಂಧವೇ ಇಲ್ಲ. ಕೆಂಪು ಬಣ್ಣವೆಲ್ಲ ರಕ್ತವಾಗೋ ಹಾಗಿದ್ದರೆ ಹೋಳಿ ಆಡಿದವರಿಗೆಲ್ಲ ಹಿಮೋಗ್ಲೋಬಿನ್ ಏರಬೇಕಿತ್ತು, ಅಲ್ವಾ? ಬೀಟ್‌ರೂಟ್ ತಿಂದ ಮೇಲೆ ಕೆಲವರಿಗೆ ಮೂತ್ರ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ನೀವು ರಕ್ತಕ್ಕೆ ಸೇರಿತು ಅಂದುಕೊಂಡ ಬಣ್ಣ ಹೋಗಿದ್ದು ಅಲ್ಲಿಗೆ. ದಾಳಿಂಬೆಯ ಕಥೆಯೂ ಇದೇ, ಅದರಲ್ಲಿ ಕಬ್ಬಿಣ ಇನ್ನೂ ಕಡಿಮೆ.

ಬೀಟ್‌ರೂಟ್ ಕೆಟ್ಟದ್ದಲ್ಲ, ಫೋಲೇಟ್ ಅನ್ನೋ ಬಿ ವಿಟಮಿನ್ ಚೆನ್ನಾಗಿದೆ, ಪಲ್ಯ ಮಾಡಿ ತಿನ್ನಿ. ಆದರೆ ಕಬ್ಬಿಣಕ್ಕೆ ಹುರುಳಿಕಾಳು ಎಷ್ಟೋ ಮೇಲು. ಬರೀ ಕಟ್ಟಿನ ಸಾರು ಅಲ್ಲ, ಕಾಳನ್ನೂ ತಿನ್ನಿ. ಮೇಲೆ ನಿಂಬೆರಸ ಹಿಂಡಿ, ಕಾಳು ಸೊಪ್ಪಿನ ಕಬ್ಬಿಣವನ್ನು ದೇಹ ಚೆನ್ನಾಗಿ ಹೀರಿಕೊಳ್ಳಲು ವಿಟಮಿನ್ ಸಿ ನೆರವಾಗುತ್ತದೆ. ಊಟ ಮುಗಿದ ಕೂಡಲೇ ಕಾಫಿ ಕುಡಿದರೆ ಅಷ್ಟೂ ಶ್ರಮ ಅರ್ಧಂಬರ್ಧ. ಒಂದೆರಡು ಗಂಟೆ ತಡೆಯಿರಿ.

ಇಷ್ಟೆಲ್ಲ ಮಾಡಿದರೂ 9 ಇರೋರಿಗೆ ಊಟ ಒಂದೇ ಸಾಲದು. ಮುಟ್ಟಿನಲ್ಲಿ ರಕ್ತ ಜಾಸ್ತಿ ಹೋಗುತ್ತಿದೆಯಾ, ಕೊಕ್ಕೆಹುಳು ಇದೆಯಾ, ವಿಟಮಿನ್ ಬಿ12 ಕಡಿಮೆಯಾ ಅಂತಲೂ ನೋಡಿಸಬೇಕು.

ಯಾರೂ ಕೇಳದ ಒಂದು ಮಾತನ್ನೂ ಹೇಳಿಬಿಡುತ್ತೇನೆ, ಯಾಕಂದರೆ ಸುಮಾರು ಜನ ಮಾತ್ರೆ ಬಿಡೋದು ಇದಕ್ಕೇ. ಕಬ್ಬಿಣದ ಮಾತ್ರೆ ನುಂಗಿದರೆ ಮಲ ಕಪ್ಪಾಗುತ್ತದೆ. ಹೀರಿಕೊಳ್ಳದೆ ಉಳಿದ ಕಬ್ಬಿಣ ಅದು, ಸುಮ್ನೆ ಗಾಬರಿ ಬೇಡ. ಹಾಲಿನ ಜೊತೆ ನುಂಗಬೇಡಿ. ಗರ್ಭಿಣಿಯರಿಗೆ ಕ್ಯಾಲ್ಸಿಯಂ ಮಾತ್ರೆಯನ್ನೂ ಕೊಟ್ಟಿರುತ್ತಾರೆ, ಎರಡನ್ನೂ ಒಟ್ಟಿಗೆ ಬಾಯಿಗೆ ಹಾಕಿಕೊಂಡು ಕೆಲಸ ಮುಗಿಸಬೇಡಿ, ನಡುವೆ ಎರಡು ಗಂಟೆಯಾದರೂ ಬಿಡಿ. ಹಿಮೋಗ್ಲೋಬಿನ್ 12 ದಾಟಿತು ಅಂತ ಆವತ್ತೇ ನಿಲ್ಲಿಸಲೂಬೇಡಿ, ದೇಹದ ದಾಸ್ತಾನು ತುಂಬಲು ಮತ್ತೂ ಮೂರು ತಿಂಗಳಾದರೂ ಬೇಕು.