ಡ್ರೈ ಸಾಕೆಟ್: ಹಲ್ಲು ಕೀಳಿಸಿದ ಮೂರನೇ ದಿನದ ನೋವು

ಹಲ್ಲು ಕೀಳಿಸಿಕೊಂಡ ದಿನ ನೋವಿರುತ್ತದೆ, ಮರುದಿನ ಕೊಂಚ ಇಳಿಯುತ್ತದೆ. ಸದ್ಯ ಮುಗಿಯಿತಲ್ಲ ಅಂದುಕೊಳ್ಳುವ ಹೊತ್ತಿಗೆ ಕೆಲವರಿಗೆ ಮತ್ತೊಂದು ನೋವು ಶುರುವಾಗುತ್ತದೆ. ಕಿತ್ತ ಜಾಗದಲ್ಲಿ ಹುಟ್ಟಿ, ದವಡೆಗುಂಟ ಏರಿ, ಕಿವಿಯೊಳಗೆ ಮಿಡಿಯುವ ನೋವು. ಮಾತ್ರೆ ನುಂಗಿದರೆ ಸ್ವಲ್ಪ ಹೊತ್ತು ತಡೆಯುತ್ತದೆ, ಆಮೇಲೆ ಮತ್ತೆ ಅದೇ. ದಂತವೈದ್ಯರು ಬಾಯೊಳಗೆ ಬೆಳಕು ಬಿಟ್ಟು ನೋಡಿ, ‘ಡ್ರೈ ಸಾಕೆಟ್ ಆಗಿದೆ’ ಅನ್ನುತ್ತಾರೆ.

ನನ್ನ ಅಕ್ಕನಿಗೆ ಹೀಗೇ ಆಯಿತು. ಕೆಳದವಡೆಯ ಬುದ್ಧಿಹಲ್ಲು ತೆಗೆಸಿ ಮೂರನೇ ರಾತ್ರಿ. ‘ಕಿವಿ ನೋಯ್ತಿದೆ ಕಣೋ’ ಎಂದು ಕೆನ್ನೆ ಹಿಡಿದುಕೊಂಡು ಕೂತಿದ್ದಳು. ಕಿವಿ ಅಂದದ್ದರಿಂದ ಹಲ್ಲಿನ ನೆನಪೇ ನಮಗೆ ಬರಲಿಲ್ಲ, ಬೆಳಗಿನವರೆಗೂ ಕಿವಿಗೇ ಉಪಚಾರ ಮಾಡಿದೆವು. ಈ ಒಂದು ಪದದ ಅರ್ಥ ಅಂದು ಗೊತ್ತಿದ್ದರೆ ಅವಳು ಆ ರಾತ್ರಿ ಅಷ್ಟು ನರಳಬೇಕಿರಲಿಲ್ಲ.

ಸಾಕೆಟ್ ಎಂದರೆ ಹಲ್ಲಿನ ಬೇರು ಕೂತಿದ್ದ ಎಲುಬಿನ ಕುಳಿ. ಡ್ರೈ ಎಂದರೆ ಒಣ. ಹೆಸರು ಕೇಳಿದವರು ಬಾಯಿ ಒಣಗಿ ಹೀಗಾಯಿತೇನೋ ಅಂದುಕೊಂಡು ಗಳಿಗೆಗೊಮ್ಮೆ ಬಾಯಿ ಮುಕ್ಕಳಿಸಲು ಹೊರಡುತ್ತಾರೆ. ಮೊದಲ ದಿನ ಹಾಗೆ ಮಾಡಿದರೆ ಕೆಡುಕೇ ಹೆಚ್ಚು. ಸದಾ ಎಂಜಲಲ್ಲಿ ನೆನೆಯುವ ಕುಳಿ ಒಣಗುವುದಾದರೂ ಎಲ್ಲಿಂದ? ಅಲ್ಲಿ ತುಂಬಿಕೊಂಡಿರಬೇಕಾದ ರಕ್ತದ ಹೆಪ್ಪು ಇರುವುದಿಲ್ಲ, ಬರಿಯ ಎಲುಬು ಕಾಣುತ್ತದೆ. ನೋಡಿದವರ ಕಣ್ಣಿಗೆ ಅದು ಬತ್ತಿದ ಹಾಗೆ ಕಂಡದ್ದೇ ಹೆಸರಾಯಿತು. ಕ್ರಾಫರ್ಡ್ ಎಂಬ ದಂತವೈದ್ಯರು 1896ರಲ್ಲಿ ಬಳಸಿದ ಈ ಹೆಸರೇ ಇವತ್ತಿಗೂ ಚಾಲ್ತಿಯಲ್ಲಿದೆ. ವೈದ್ಯರ ಕಡತದಲ್ಲಿ ಇದನ್ನು ಆಲ್ವಿಯೋಲರ್ ಆಸ್ಟಿಯೈಟಿಸ್ ಎಂದು ಬರೆಯುತ್ತಾರೆ, ಅಂದರೆ ಹಲ್ಲಿನ ಕುಳಿಯ ಎಲುಬಿನ ಉರಿಯೂತ.

ಇದನ್ನು ಅರ್ಥ ಮಾಡಿಕೊಳ್ಳಲು ಇಂಗ್ಲಿಷ್ ಹೆಸರಿಗಿಂತ ನಮ್ಮ ‘ಹೆಪ್ಪು’ ಎಂಬ ಮಾತೇ ಹೆಚ್ಚು ನೆರವಾಗುತ್ತದೆ ಅನ್ನಿಸುತ್ತದೆ. ಹಾಲಿಗೆ ಹೆಪ್ಪು ಹಾಕಿಟ್ಟ ಪಾತ್ರೆಯನ್ನು ಯಾರೂ ಅಲುಗಾಡಿಸುವುದಿಲ್ಲ, ಗಟ್ಟಿಯಾಯಿತೇ ಎಂದು ಬೆರಳಾಡಿಸುವುದೂ ಇಲ್ಲ. ಹಲ್ಲು ಕಿತ್ತ ಕುಳಿಯಲ್ಲಿ ರಕ್ತ ಹೆಪ್ಪುಗಟ್ಟುವಾಗಲೂ ಅಷ್ಟೇ ಜೋಪಾನ ಬೇಕು. ಆ ಹೆಪ್ಪು ಎರಡು ಕೆಲಸ ಮಾಡುತ್ತದೆ. ಒಂದು, ಕೆಳಗಿನ ಎಲುಬಿಗೂ ನರದ ತುದಿಗಳಿಗೂ ಗಾಳಿ, ಎಂಜಲು, ಊಟದ ಚೂರು ತಾಗದಂತೆ ಮುಚ್ಚಳವಾಗುತ್ತದೆ. ಇನ್ನೊಂದು, ಹೊಸ ಅಂಗಾಂಶ ಬೆಳೆಯುವುದಕ್ಕೆ ಅದೇ ಆಸರೆ. ಸುಮಾರು ಒಂದು ವಾರದಲ್ಲಿ ಹೆಪ್ಪಿನ ಜಾಗಕ್ಕೆ ಮೆತ್ತನೆಯ ಎಳೆ ಅಂಗಾಂಶ ಬರುತ್ತದೆ, ಎರಡು ಮೂರು ವಾರಗಳಲ್ಲಿ ಮೇಲೆ ವಸಡು ಕೂಡಿಕೊಳ್ಳುತ್ತದೆ, ಒಳಗಿನ ಎಲುಬು ತುಂಬಲು ತಿಂಗಳುಗಳೇ ಬೇಕು. ಹೆಪ್ಪು ಅರ್ಧಕ್ಕೇ ಕರಗಿದರೆ ಅಥವಾ ಕಿತ್ತುಬಂದರೆ ಎಲುಬು ಬೆತ್ತಲಾಗುತ್ತದೆ. ಡ್ರೈ ಸಾಕೆಟ್ ಅಂದರೆ ಇದೇ.

ಹೆಪ್ಪು ಯಾಕೆ ಹೋಗುತ್ತದೆ ಎಂಬುದಕ್ಕೆ ಕಾರಣ ಒಂದೇ ಅಲ್ಲ. ಜೋರಾಗಿ ಉಗಿದೋ ಸ್ಟ್ರಾದಲ್ಲಿ ಹೀರಿಯೋ ಅದು ಕಳಚಿಕೊಳ್ಳಬಹುದು ಎಂದು ವೈದ್ಯರು ಎಚ್ಚರಿಸುತ್ತಾರೆ. ಆದರೆ ಹೆಪ್ಪು ಹಾಗೆ ಎಳೆದೇ ಹೋಗಬೇಕೆಂದಿಲ್ಲ, ಇದ್ದಲ್ಲೇ ಕರಗಲೂಬಹುದು. ಗಾಯಗೊಂಡ ಎಲುಬಿನಿಂದ ಹೊರಬರುವ ವಸ್ತುಗಳು ಹೆಪ್ಪಿನ ಬಲೆಯಾದ ಫೈಬ್ರಿನ್ ಎಳೆಗಳನ್ನು ಹೊತ್ತಿಗೆ ಮುಂಚೆ ಕರಗಿಸುತ್ತವೆ ಎಂದು ಬಿರ್ನ್ ಎಂಬ ಸಂಶೋಧಕರು 1973ರಲ್ಲಿ ವಿವರಿಸಿದರು. ಕಷ್ಟಪಟ್ಟು ಕೊರೆದು ತೆಗೆದ ಹಲ್ಲಿನ ಜಾಗದಲ್ಲಿ ಇದು ಹೆಚ್ಚು ಕಾಣಿಸುವುದು ಯಾಕೆ ಎಂಬುದಕ್ಕೆ ಇದರಲ್ಲಿ ಉತ್ತರವಿದೆ. ಸಾಮಾನ್ಯ ಹಲ್ಲುಗಳಲ್ಲಿ ನೂರಕ್ಕೆ 1ರಿಂದ 5 ಮಂದಿಗೆ ಆಗುವ ಈ ತೊಂದರೆ, ಕೆಳಗಿನ ಬುದ್ಧಿಹಲ್ಲುಗಳಲ್ಲಿ ಕೆಲವು ವರದಿಗಳ ಪ್ರಕಾರ ನೂರಕ್ಕೆ 30ರವರೆಗೂ ಹೋಗುತ್ತದೆ. ಬೀಡಿ ಸಿಗರೇಟು ಸೇದುವವರಿಗೆ, ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವ ಹೆಂಗಸರಿಗೆ, ಮೊದಲೇ ವಸಡಿನ ಸೋಂಕಿದ್ದವರಿಗೆ ಅಪಾಯ ಜಾಸ್ತಿ. ಹಾಗಾಗಿ ವೈದ್ಯರು ಹೇಳಿದ್ದೆಲ್ಲವನ್ನೂ ಪಾಲಿಸಿದರೂ ಡ್ರೈ ಸಾಕೆಟ್ ಆದರೆ ತಪ್ಪು ನಿಮ್ಮದೆಂದು ಕೊರಗಬೇಡಿ.

ಇಷ್ಟು ಗೊತ್ತಾದ ಮೇಲೆ ವೈದ್ಯರು ಕೊಡುವ ಚೀಟಿಯಲ್ಲಿನ ಸೂಚನೆಗಳನ್ನು ಉರುಹೊಡೆಯಬೇಕಿಲ್ಲ, ತಾವಾಗಿಯೇ ಹೊಳೆಯುತ್ತವೆ. ಕಚ್ಚಿಕೊಳ್ಳಲು ಕೊಟ್ಟ ಗಾಜ್ ಬಟ್ಟೆಯನ್ನು ಅರ್ಧ ಮುಕ್ಕಾಲು ಗಂಟೆ ಒಂದೇ ಸಮ ಒತ್ತಿ ಹಿಡಿಯಬೇಕು. ರಕ್ತ ನಿಂತಿತೇ ಎಂದು ಐದು ನಿಮಿಷಕ್ಕೊಮ್ಮೆ ತೆಗೆದು ನೋಡಿದರೆ ಕಟ್ಟುತ್ತಿರುವ ಹೆಪ್ಪು ಬಟ್ಟೆಗೇ ಅಂಟಿ ಬರುತ್ತದೆ. ಮೊದಲ 24 ಗಂಟೆ ಮುಕ್ಕಳಿಸುವುದು, ಉಗಿಯುವುದು, ಸ್ಟ್ರಾದಲ್ಲಿ ಹೀರುವುದು ಬೇಡ. ಎಂಜಲು ತಿಳಿಗೆಂಪಾಗಿ ಬರುತ್ತಿದ್ದರೆ ಹೆದರದೆ ನುಂಗಿಬಿಡಿ, ಒಂದು ದಿನದ ಮಟ್ಟಿಗೆ ಅದು ಸಹಜ. ಸಿಗರೇಟನ್ನು ಕಡಿಮೆಯೆಂದರೂ ಎರಡು ಮೂರು ದಿನ ಮುಟ್ಟಬಾರದು. ಹೀರುವ ಸೆಳೆತ ಹೆಪ್ಪನ್ನು ಎಳೆಯಬಹುದು, ನಿಕೋಟಿನ್ ರಕ್ತನಾಳಗಳನ್ನು ಬಿಗಿಸುತ್ತದೆ. ಊಟ ಮೆತ್ತಗಿರಲಿ, ಬಿಸಿ ಬೇಡ, ಇನ್ನೊಂದು ಬದಿಯಲ್ಲಿ ಅಗಿಯಿರಿ. ಊತಕ್ಕೆ ಮೊದಲ ದಿನ ಕೆನ್ನೆಯ ಹೊರಗಿನಿಂದ ಐಸ್ ಇಟ್ಟುಕೊಳ್ಳಬಹುದು. ಒಂದು ದಿನ ಕಳೆದ ಮೇಲೆ ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ, ಬಾಯಲ್ಲಿಟ್ಟುಕೊಂಡು ತಲೆಯನ್ನು ಮೆಲ್ಲಗೆ ಅತ್ತಿತ್ತ ವಾಲಿಸಿ, ನೀರು ತಾನಾಗಿ ಹೊರಬೀಳಲು ಬಿಡಬೇಕು. ಗುಳುಗುಳು ಮಾಡಿ ರಭಸದಿಂದ ಉಗಿಯಬಾರದು.

ಒಂದು ವಿಷಯ ಒತ್ತಿ ಹೇಳಬೇಕು. ಎರಡು ಮೂರು ದಿನಗಳಾದ ಮೇಲೆ ಕನ್ನಡಿಯಲ್ಲಿ ನೋಡಿದರೆ ಕುಳಿಯ ಮೇಲೆ ಬಿಳಿ ಅಥವಾ ಹಳದಿ ಛಾಯೆಯ ಪೊರೆ ಕಾಣಬಹುದು. ಕೀವಾಗಿದೆ ಎಂದು ಗಾಬರಿಯಾಗಿ ಹತ್ತಿಯಲ್ಲೋ ಬೆರಳಲ್ಲೋ ಉಜ್ಜಿ ತೆಗೆಯುವವರಿದ್ದಾರೆ. ದಯವಿಟ್ಟು ಅದನ್ನು ಮುಟ್ಟಬೇಡಿ. ಬಹುಮಟ್ಟಿಗೆ ಅದು ಗಾಯ ಮಾಯುತ್ತಿರುವುದರ ಗುರುತು, ಹೆಪ್ಪಿನದೇ ಫೈಬ್ರಿನ್ ಪದರ. ನೋವು ದಿನದಿಂದ ದಿನಕ್ಕೆ ಇಳಿಯುತ್ತಿದ್ದರೆ ಬಣ್ಣ ನೋಡಿ ಹೆದರಬೇಕಿಲ್ಲ. ಇಳಿಯುತ್ತಿದ್ದ ನೋವು ಹಲ್ಲು ಕಿತ್ತ ಒಂದರಿಂದ ಮೂರು ದಿನಗಳೊಳಗೆ ಮತ್ತೆ ಏರಿದರೆ, ಬಾಯಲ್ಲಿ ಕೆಟ್ಟ ರುಚಿ, ದುರ್ವಾಸನೆ ಸೇರಿಕೊಂಡರೆ ಆಗ ಡ್ರೈ ಸಾಕೆಟ್ ಎಂದು ಅನುಮಾನಪಡಬೇಕು.

ಅಕ್ಕನಿಗೆ ವೈದ್ಯರು ಮಾಡಿದ ಉಪಚಾರ ಹತ್ತು ನಿಮಿಷದ್ದು. ಸಿರಿಂಜಿನಲ್ಲಿ ಸಲೈನ್ ತುಂಬಿ ಕುಳಿಯನ್ನು ಮೆಲ್ಲಗೆ ತೊಳೆದರು, ಸಿಕ್ಕಿಕೊಂಡಿದ್ದ ಚೂರುಗಳು ಹೊರಬಂದವು. ಆಮೇಲೆ ಔಷಧಿಯಲ್ಲಿ ಅದ್ದಿದ ಕಿರಿದಾದ ಪಟ್ಟಿಯನ್ನು ಇಕ್ಕಳದಲ್ಲಿ ಹಿಡಿದು ಕುಳಿಯೊಳಗೆ ಇಟ್ಟರು. ಕೋಣೆಯೆಲ್ಲ ಲವಂಗದ ವಾಸನೆ. ಆ ಔಷಧಿಯಲ್ಲಿ ಲವಂಗದೆಣ್ಣೆಯ ಮುಖ್ಯ ಅಂಶವಾದ ಯೂಜಿನಾಲ್ ಇರುತ್ತದೆ. ಸ್ವಲ್ಪ ಹೊತ್ತಿನಲ್ಲೇ ಅವಳು ಕೆನ್ನೆಯಿಂದ ಕೈ ತೆಗೆದಳು. ಹಾಗೆಂದು ಮನೆಯಲ್ಲಿ ಲವಂಗದೆಣ್ಣೆಯನ್ನು ನೇರವಾಗಿ ಸುರಿದುಕೊಳ್ಳಬಾರದು, ಆಸ್ಪಿರಿನ್ ಮಾತ್ರೆಯನ್ನು ಗಾಯದ ಮೇಲೆ ಇಟ್ಟುಕೊಳ್ಳಲೂಬಾರದು. ಎರಡೂ ವಸಡನ್ನು ಸುಡುತ್ತವೆ. ಡ್ರೈ ಸಾಕೆಟ್ಟಿನಲ್ಲಿ ಸಾಮಾನ್ಯವಾಗಿ ಕೀವಿರುವುದಿಲ್ಲ, ಜ್ವರವಿರುವುದಿಲ್ಲ. ಆದ್ದರಿಂದ ಇದಕ್ಕೆಂದೇ ಆಂಟಿಬಯೋಟಿಕ್ ನುಂಗುವ ಅಗತ್ಯ ಬಹುತೇಕ ಬೀಳುವುದಿಲ್ಲ. ನೋವಿನ ಮಾತ್ರೆ ಯಾವುದು, ಎಷ್ಟು ಎಂಬುದನ್ನು ಹೊಟ್ಟೆಹುಣ್ಣು, ಮೂತ್ರಪಿಂಡದ ಕಾಯಿಲೆ ಇರುವವರು, ಗರ್ಭಿಣಿಯರು ಕೇಳಿಯೇ ತೆಗೆದುಕೊಳ್ಳಬೇಕು.

ಜ್ವರ ಬಂದರೆ, ಮೂರನೇ ದಿನ ಕಳೆದರೂ ಊತ ಏರುತ್ತಲೇ ಇದ್ದರೆ, ಕೀವು ಒಸರಿದರೆ ಅದು ಡ್ರೈ ಸಾಕೆಟ್ ಅಲ್ಲ, ಸೋಂಕಿರಬಹುದು, ಅಂದೇ ತೋರಿಸಬೇಕು. ನುಂಗಲು ಅಥವಾ ಉಸಿರಾಡಲು ಕಷ್ಟವಾದರೆ ದಂತವೈದ್ಯರ ಬಿಡುವಿಗೆ ಕಾಯದೆ ನೇರ ಆಸ್ಪತ್ರೆಗೆ ಹೋಗಿ. ರಕ್ತ ತೆಳುವಾಗಿಸುವ ಮಾತ್ರೆ ಅಥವಾ ಎಲುಬು ಸವೆತಕ್ಕೆ ಬಿಸ್ಫಾಸ್ಫೊನೇಟ್ ತೆಗೆದುಕೊಳ್ಳುವವರು ಹಲ್ಲು ಕೀಳುವ ಮುಂಚೆಯೇ ಅದನ್ನು ವೈದ್ಯರಿಗೆ ಹೇಳಬೇಕು, ತಾವಾಗಿ ನಿಲ್ಲಿಸಬಾರದು.

ಅಕ್ಕ ಪಟ್ಟಿ ಬದಲಿಸಿಕೊಳ್ಳಲು ಇನ್ನೆರಡು ಸಲ ಹೋಗಿಬಂದಳು. ಡ್ರೈ ಸಾಕೆಟ್ ಸಾಮಾನ್ಯವಾಗಿ ವಾರ, ಹತ್ತು ದಿನಗಳಲ್ಲಿ ಶಮನವಾಗುತ್ತದೆ, ಅವಳಿಗೂ ಹಾಗೇ ಆಯಿತು. ಕುಳಿ ಮಾತ್ರ ಇನ್ನೂ ಕೆಲವು ವಾರ ಉಳಿದಿತ್ತು; ಊಟವಾದ ಮೇಲೆಲ್ಲ ಉಪ್ಪುನೀರು ಬಾಯಲ್ಲಿಟ್ಟುಕೊಂಡು ತಲೆ ವಾಲಿಸುತ್ತ ನಿಲ್ಲುತ್ತಿದ್ದಳು.