ಡಿಟಾಕ್ಸ್ ಮಾಡಿದರೆ ಮೈಯೊಳಗಿನ ವಿಷ ಹೋಗುತ್ತದೆಯೇ?

ಪ್ರಶ್ನೆ: ಒಂದು ವಾರ ಬರೀ ಜ್ಯೂಸ್ ಕುಡಿದು, ಕೊನೆಯ ದಿನ ಆಲಿವ್ ಎಣ್ಣೆಗೆ ನಿಂಬೆರಸ ಬೆರೆಸಿ ತೆಗೆದುಕೊಂಡರೆ ಮೈಯೊಳಗಿನ ವಿಷ, ಪಿತ್ತಕೋಶದ ಕಲ್ಲು ಎಲ್ಲ ಹೊರಗೆ ಬರುತ್ತವಂತೆ. ಮಾಡಬಹುದೇ?

ಉತ್ತರ: ಬೇಡ. ಇಷ್ಟಕ್ಕೇ ಮುಗಿಸಿದಾಗಲೆಲ್ಲ ಅದೇ ಪ್ರಶ್ನೆ ಮತ್ತೆ ಬಂದಿದೆ. ಹಾಗಾಗಿ ಈ ಸಲ ತುಸು ಉದ್ದ.

‘ವಿಷ’ ಅಂದರೆ ಯಾವುದು? ಹೆಸರು ಹೇಳಿ ನೋಡೋಣ. 2009ರಲ್ಲಿ ಬ್ರಿಟನ್ನಿನ ಯುವ ವಿಜ್ಞಾನಿಗಳ ಗುಂಪೊಂದು ‘ಡಿಟಾಕ್ಸ್’ ಹಣೆಪಟ್ಟಿ ಹೊತ್ತ 15 ಉತ್ಪನ್ನಗಳ ಬೆನ್ನು ಹತ್ತಿತ್ತು. ಆ ಪದಕ್ಕೆ ಯಾವ ಎರಡು ಕಂಪನಿಗಳೂ ಒಂದೇ ಅರ್ಥ ಹೇಳಲಿಲ್ಲ. ನಿಜವಾದ ವಿಷಕ್ಕೆ ಹೆಸರಿರುತ್ತದೆ, ಅಳತೆ ಇರುತ್ತದೆ. ರಕ್ತದಲ್ಲಿ ಸೀಸ ಎಷ್ಟಿದೆ ಎಂದು ಅಳೆದ ಮೇಲೆಯೇ ವೈದ್ಯರು ಅದಕ್ಕೆ ಮದ್ದು ಕೊಡುವುದು.

ದಿನನಿತ್ಯದ ಕಸಕ್ಕೆ ಯಕೃತ್ತು, ಮೂತ್ರಪಿಂಡಗಳಿವೆ. ಮೈಯಲ್ಲಿ ಹುಟ್ಟುವ ವಿಷಕಾರಿ ಅಮೋನಿಯಾವನ್ನು, ಮೂತ್ರದಲ್ಲಿ ಹೋಗುವ ಯೂರಿಯಾ ಮಾಡುವುದು ಯಕೃತ್ತು. ರಕ್ತದಿಂದ ದಿನಕ್ಕೆ ಸುಮಾರು 180 ಲೀಟರ್ ದ್ರವ ಸೋಸಿ, ಒಂದೂವರೆ ಲೀಟರಿನಷ್ಟನ್ನು ಮಾತ್ರ ಹೊರಗೆ ಬಿಡುವುದು ಮೂತ್ರಪಿಂಡ. ಯಕೃತ್ತಿನ ಈ ಕೆಲಸಕ್ಕೆ ಪ್ರೋಟೀನಿನ ಅಂಶಗಳು ಬೇಕು. ಜ್ಯೂಸಿನಲ್ಲಿ ಇಲ್ಲದ್ದು ಅದೇ!

ಇಷ್ಟು ಹೇಳಿದರೂ ಕೊನೆಗೊಂದು ಮಾತು ಬಂದೇ ಬರುತ್ತದೆ: ‘ಹಸಿರು ಕಲ್ಲು ಬಿದ್ದಿದ್ದನ್ನು ಕಣ್ಣಾರೆ ನೋಡಿದ್ದೇನೆ.’ ನೋಡಿರುತ್ತೀರಿ, ಇಲ್ಲ ಅನ್ನುವುದಿಲ್ಲ. ಆದರೆ ಅದು ಕಲ್ಲಲ್ಲ, ಸಾಬೂನು. ಹೀಗೆಯೇ ಎಣ್ಣೆ, ನಿಂಬೆರಸ ಕುಡಿದ ಮಹಿಳೆಯೊಬ್ಬರಿಂದ ಹೊರಬಿದ್ದ ‘ಕಲ್ಲು’ಗಳನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿದ ವರದಿ 2005ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. 40 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹತ್ತು ನಿಮಿಷ ಇಟ್ಟರೆ ಕರಗಿ ಹಸಿರೆಣ್ಣೆಯಾದವು. ಪಿತ್ತದ ಕಲ್ಲು ಎಲ್ಲಾದರೂ ಹಾಗೆ ಕರಗುತ್ತದೆಯೇ? ಕೊಲೆಸ್ಟರಾಲ್, ಕ್ಯಾಲ್ಸಿಯಂ ಯಾವುದೂ ಸಿಗಲಿಲ್ಲ, ಹೆಚ್ಚಿನ ಪಾಲು ಬರೀ ಕೊಬ್ಬಿನ ಆಮ್ಲ. ಕುಡಿದ ಎಣ್ಣೆಯೇ ಹೊಟ್ಟೆಯಲ್ಲಿ ಸಾಬೂನಾಗಿ ಉಂಡೆ ಕಟ್ಟಿ ಹೊರಬಂದಿತ್ತು. ಆಕೆಯ ನಿಜವಾದ ಕಲ್ಲುಗಳನ್ನು ಆಮೇಲೆ ಶಸ್ತ್ರಚಿಕಿತ್ಸೆ ಮಾಡಿಯೇ ತೆಗೆದರು. ‘ಕರುಳು ತೊಳೆಯುವ’ ಪುಡಿ ನುಂಗಿದವರಿಗೆ ಕಾಣುವ ರಬ್ಬರಿನಂಥ ಹಗ್ಗದ ಕತೆಯೂ ಇದೇ. ಪುಡಿಯಲ್ಲಿನ ಜೇಡಿಮಣ್ಣು, ನಾರು ನೀರು ಕುಡಿದು ಊದಿಕೊಂಡರೆ ಆಗುವುದೇ ಹಗ್ಗ.

ಮೂರನೇ ದಿನದ ತಲೆನೋವು ‘ವಿಷ ಹೋಗುವ ಲಕ್ಷಣ’ವೂ ಅಲ್ಲ, ಎಷ್ಟೋ ಸಲ ಅದು ಕಾಫಿ ಬಿಟ್ಟ ತಲೆನೋವು.

ಮಧುಮೇಹದ ಔಷಧಿ ತೆಗೆದುಕೊಳ್ಳುವವರು, ಗರ್ಭಿಣಿಯರು, ಮೂತ್ರಪಿಂಡದ ತೊಂದರೆ ಇರುವವರು ಇದರ ಸುದ್ದಿಗೇ ಹೋಗಬೇಡಿ. ಸೊಪ್ಪಿನ ಜ್ಯೂಸಿನಲ್ಲಿರುವ ಆಕ್ಸಲೇಟ್ ಎಂಬ ಲವಣ ತುಂಬಿಕೊಂಡು ಮೂತ್ರಪಿಂಡ ಕೆಟ್ಟವರಿದ್ದಾರೆ.

‘ಆದರೆ ಎರಡು ಕಿಲೋ ಇಳಿಯಿತಲ್ಲ!’ ಇಳಿದದ್ದು ಹೆಚ್ಚಾಗಿ ನೀರು. ಮೈಯಲ್ಲಿ ಕೂಡಿಟ್ಟ ಸಕ್ಕರೆಯ ದಾಸ್ತಾನಾದ ಗ್ಲೈಕೋಜನ್ ಪ್ರತಿ ಗ್ರಾಂಗೆ ಸುಮಾರು ಮೂರು ಗ್ರಾಂ ನೀರು ಹಿಡಿದಿಟ್ಟಿರುತ್ತದೆ. ಊಟ ಶುರುವಾದರೆ ಎರಡೂ ವಾಪಸ್.

ಹಾಗಾದರೆ ನಿಜವಾಗಿ ಕರಗಿದ ಕೊಬ್ಬು ಹೋಗುವುದೆಲ್ಲಿಗೆ? ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಹತ್ತು ಕಿಲೋ ಕೊಬ್ಬು ಉರಿದರೆ 8.4 ಕಿಲೋ ಇಂಗಾಲದ ಡೈಆಕ್ಸೈಡ್ ಆಗಿ ಉಸಿರಿನಲ್ಲಿ ಹೋಗುತ್ತದೆ, ಉಳಿದ 1.6 ಕಿಲೋ ನೀರಾಗುತ್ತದೆ. ಹಾಗಂತ ಜೋರಾಗಿ ಉಸಿರುಬಿಟ್ಟರೆ ತೂಕ ಇಳಿಯುತ್ತದೆಯೇ ಎಂದು ಮುಂದಿನ ವಾರ ಬರೆಯಬೇಡಿ. ತಲೆ ಸುತ್ತುತ್ತದೆ, ಅಷ್ಟೇ.